ತರಕಾರಿ ತೋಟಕ್ಕೆ ಪ್ರಾಣಿಗಳ ಕಾಟ: ಬಂದವರನ್ನು ಗುರುತಿಸಿ ದಾರಿ ಮುಚ್ಚುವ ಸಮಗ್ರ ಮಾರ್ಗದರ್ಶಿ

ತೋಟಕ್ಕೆ ಪ್ರಾಣಿ ನುಗ್ಗಿದ ಮರುದಿನವೇ ಹೆಚ್ಚಿನವರು ಬಲೆ ತರಲು ಓಡುತ್ತಾರೆ. ಬಲೆ ಕಟ್ಟುತ್ತಾರೆ. ಎರಡು ದಿನ ನೆಮ್ಮದಿ, ಮೂರನೇ ದಿನ ಮತ್ತೆ ಅದೇ ಕಥೆ. ಯಾಕೆಂದರೆ ಬಂದದ್ದು ಹೆಗ್ಗಣ, ಕಟ್ಟಿದ್ದು ಹಕ್ಕಿ ಬಲೆ. ದುಡ್ಡೂ ಹೋಯಿತು, ಬದನೆಯೂ ಹೋಯಿತು.

ಯಾವ ಪ್ರಾಣಿಗಾದರೂ ಒಳಗೆ ಬರಲು ಇರುವುದು ಮೂರೇ ದಾರಿ. ನೆಲದ ಅಡಿಯಿಂದ, ಬೇಲಿಯ ಸಂದಿಯಿಂದ, ಇಲ್ಲವೇ ಮೇಲಿನಿಂದ. ನಿಮ್ಮಲ್ಲಿಗೆ ಬರುವುದು ಯಾರು, ಅವರು ಬಳಸುವ ದಾರಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸದ್ದು, ವಾಸನೆ, ಬೆದರುಗೊಂಬೆ ಇವೆಲ್ಲ ನಾಲ್ಕು ದಿನದ ಆಟ. ಬಾಳಿಕೆ ಬರುವುದು ದಾರಿ ಮುಚ್ಚುವ ಕೆಲಸ ಮಾತ್ರ. ಈ ಬರಹದ ಹೆಚ್ಚಿನ ಭಾಗ ಅದರ ಬಗ್ಗೆಯೇ.

ಹಂತ 1: ಬಂದವರು ಯಾರು?

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ. ಕತ್ತಲಾಗುವ ಮುಂಚೆ ತೋಟಕ್ಕೆ ಒಂದು ಸುತ್ತು ಹಾಕಿ. ಬೆಳಕು ಹರಿಯುವಾಗ ಇನ್ನೊಂದು ಸುತ್ತು. ಸಂಜೆ ಸರಿಯಿದ್ದು ನಸುಕಿಗೆ ಹಾಳಾಗಿದ್ದರೆ ಕಾಡುಹಂದಿ, ಮುಳ್ಳುಹಂದಿ, ಮೊಲ, ಇಲಿ, ಹೆಗ್ಗಣ, ಬಾವಲಿಗಳಲ್ಲಿ ಒಂದು. ಹಗಲಲ್ಲೇ ಹಾಳಾದರೆ ಕೋತಿ, ಅಳಿಲು, ಗಿಳಿ, ನವಿಲು ಇವುಗಳ ಮೇಲೆ ಅನುಮಾನ ಇಡಬಹುದು. ಜಿಂಕೆ ಸಾಮಾನ್ಯವಾಗಿ ಮುಸ್ಸಂಜೆ ಮತ್ತು ನಸುಕಿನಲ್ಲಿ ಬರುತ್ತದೆ.

ಆಮೇಲೆ ಕಚ್ಚಿದ ಜಾಗ ನೋಡಿ. ಸುಮ್ನೆ ನಿಂತು ನೋಡಿದರೆ ಆಗದು, ಕೂತು ಹತ್ತಿರದಿಂದ ನೋಡಬೇಕು. ಮೊಲಕ್ಕೆ ಮೇಲೂ ಕೆಳಗೂ ಹರಿತವಾದ ಬಾಚಿಹಲ್ಲು ಇರುತ್ತದೆ. ಹಾಗಾಗಿ ಅದು ಕಚ್ಚಿದ ದಂಟಿನ ತುದಿ ನುಣ್ಣಗೆ, ಸುಮಾರು 45 ಡಿಗ್ರಿ ಓರೆಯಾಗಿ ಕತ್ತರಿಸಿರುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಅದು ಎಲೆಯನ್ನು ಕೆಳಹಲ್ಲಿಗೂ ಗಟ್ಟಿ ಮೇಲ್ವಸಡಿಗೂ ನಡುವೆ ಹಿಡಿದು ಎಳೆಯುತ್ತದೆ. ಆದ್ದರಿಂದ ದಂಟಿನ ತುದಿ ಹರಿದು ನಾರು ನಾರಾಗಿ ಕಾಣುತ್ತದೆ. ಎರಡೂ ಸೊಪ್ಪೇ ತಿಂದಿರುತ್ತವೆ, ಆದರೆ ಒಂದಕ್ಕೆ ಸೊಂಟದೆತ್ತರದ ಬೇಲಿ ಸಾಕು, ಇನ್ನೊಂದಕ್ಕೆ ತಲೆಗಿಂತ ಎತ್ತರದ್ದು ಬೇಕು. ಒಂದು ದಂಟಿನ ತುದಿ ನೋಡಿದ್ದರಿಂದ ಎಷ್ಟು ಖರ್ಚು ಉಳಿಯಿತು ನೋಡಿ.

ಇಲಿ, ಹೆಗ್ಗಣ ಕಾಯಿಯನ್ನು ಗಿಡದಲ್ಲೇ ಕೊರೆದು ತಿನ್ನುತ್ತವೆ. ಕೊರೆದ ಅಂಚಿನಲ್ಲಿ ಜೋಡಿ ಜೋಡಿ ಸಣ್ಣ ಹಲ್ಲಿನ ಗೀರು ಕಾಣುತ್ತದೆ. ಹೆಗ್ಗಣ ಇದ್ದರೆ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇರುತ್ತದೆ. ಗೆಣಸು, ಮೂಲಂಗಿ, ಮರಗೆಣಸಿನ ಬುಡ ಅಗೆದು ಗೆಡ್ಡೆ ಕೊರೆದಿದ್ದು, ಹಲ್ಲಿನ ಗೀರು ಅಗಲವಾಗಿದ್ದರೆ ಮುಳ್ಳುಹಂದಿ. ಅಲ್ಲೇ ಒಂದೆರಡು ಕಪ್ಪು ಬಿಳುಪಿನ ಮುಳ್ಳು ಬಿದ್ದಿರಲೂಬಹುದು. ಇಡೀ ಪಾತಿಯ ಮಣ್ಣು ನೇಗಿಲು ಹೊಡೆದ ಹಾಗೆ ಬುಡಮೇಲಾಗಿದ್ದರೆ ಹೆಚ್ಚು ಯೋಚಿಸಬೇಡಿ, ಅದು ಕಾಡುಹಂದಿ. ಅದು ಗೆಡ್ಡೆಗೆ ಮಾತ್ರ ಬರುವುದಲ್ಲ. ಎರೆಹುಳು, ಗೊಣ್ಣೆಹುಳು ಹುಡುಕಿಕೊಂಡೂ ಮಣ್ಣು ಕೆದಕುತ್ತದೆ. ಹಾಗಾಗಿ ಚೆನ್ನಾಗಿ ಗೊಬ್ಬರ ಹಾಕಿದ ಪಾತಿಗೇ ಮೊದಲು ಏಟು.

ಕೋತಿಯ ಗುರುತು ಬೇರೆ. ಒಂದು ಕಾಯಿ ಪೂರ್ತಿ ತಿಂದಿರುವುದಿಲ್ಲ. ಒಂದು ಕಚ್ಚಿ ಬಿಸಾಡಿ, ಇನ್ನೊಂದು ಕಿತ್ತು, ಬಳ್ಳಿಯನ್ನೂ ಜಗ್ಗಿ ಹೋಗಿರುತ್ತದೆ. ತಿಂದದ್ದಕ್ಕಿಂತ ಹಾಳಾದದ್ದೇ ಜಾಸ್ತಿ. ಬಿತ್ತಿದ ಬೀಜ ಮಾಯವಾಗಿ ಅಲ್ಲಲ್ಲಿ ಸಣ್ಣ ಗುಳಿ ಉಳಿದಿದ್ದರೆ ಅಳಿಲು ಅಥವಾ ಇಲಿ. ಮೊಳಕೆ ಬೇರು ಸಮೇತ ಎಳೆದು ಹಾಕಿದ್ದರೆ ಹಕ್ಕಿಯ ಕೆಲಸ ಇರಬಹುದು. ಎಲೆಯಲ್ಲಿ ತೂತು, ಪಕ್ಕದಲ್ಲಿ ಹೊಳೆಯುವ ಲೋಳೆಯ ಗೆರೆ ಇದ್ದರೆ ಬಸವನಹುಳು. ಅದಕ್ಕೆ ಬೇಲಿಯಿಂದ ಏನೂ ಆಗದು, ರಾತ್ರಿ ಟಾರ್ಚ್ ಹಿಡಿದು ಹೆಕ್ಕಿ ತೆಗೆಯಬೇಕು ಅಷ್ಟೆ.

ಇಷ್ಟಾದರೂ ಗೊತ್ತಾಗದಿದ್ದರೆ ನೆಲವನ್ನೇ ಕೇಳಿ. ಜರಡಿ ಹಿಡಿದ ನಯವಾದ ಮಣ್ಣು ಅಥವಾ ಮರಳನ್ನು ಪಾತಿಯ ಸುತ್ತ ಎರಡು ಗೇಣು ಅಗಲಕ್ಕೆ ಹರಡಿ. ಒಂದು ಹಲಗೆಯಿಂದ ಸಮ ಮಾಡಿ. ಸ್ವಲ್ಪ ನೀರು ಚಿಮುಕಿಸಿದರೆ ಹೆಜ್ಜೆ ಚೆನ್ನಾಗಿ ಮೂಡುತ್ತದೆ. ಹಂದಿಯ ಹೆಜ್ಜೆಯಲ್ಲಿ ಎರಡು ದುಂಡು ಗೊರಸು, ಮೆತ್ತಗಿನ ಮಣ್ಣಾದರೆ ಹಿಂದೆ ಎರಡೂ ಬದಿಗೆ ಚಾಚಿದ ಎರಡು ಚುಕ್ಕೆ ಮೂಡುತ್ತವೆ. ಜಿಂಕೆಯ ಗೊರಸು ಸಪೂರ, ಮುಂದೆ ಚೂಪು. ಇಲಿಯ ಸಣ್ಣ ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಇರಬಹುದು. ಚಲನೆ ಕಂಡಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಮೊಣಕಾಲಿನ ಎತ್ತರಕ್ಕೆ ಕಟ್ಟಿ, ಆಳೆತ್ತರಕ್ಕೆ ಕಟ್ಟಿದರೆ ಇಲಿ, ಮೊಲಗಳು ತಪ್ಪಿಹೋಗುತ್ತವೆ.

ಒಂದೇ ಪ್ರಾಣಿ ಅಂತ ತೀರ್ಮಾನಿಸುವ ಮುಂಚೆ ಮೂರ್ನಾಲ್ಕು ರಾತ್ರಿ ನೋಡಿ. ಎರಡು ಪ್ರಾಣಿಗಳು ಪಾಳಿ ಹಾಕಿಕೊಂಡ ಹಾಗೆ ಬರುವುದು ಅಪರೂಪವೇನಲ್ಲ.

ಹಂತ 2: ಕರೆಯುವುದನ್ನು ನಿಲ್ಲಿಸಿ

ಎಷ್ಟೋ ತೋಟಗಳಿಗೆ ಪ್ರಾಣಿ ಬರುವುದು ಮೊದಲು ತರಕಾರಿಗಾಗಿ ಅಲ್ಲ. ಉದುರಿದ ಹಣ್ಣು, ತೆರೆದಿಟ್ಟ ಕಸದ ಬುಟ್ಟಿ, ನಾಯಿ ಬೆಕ್ಕಿಗೆ ಹಾಕಿ ಉಳಿದ ಅನ್ನ, ಕೋಳಿಯ ಕಾಳು. ಇದಕ್ಕೆ ಬಂದವರ ಕಣ್ಣಿಗೆ ಆಮೇಲೆ ಟೊಮೆಟೊ ಬೀಳುತ್ತದೆ. ಬಿದ್ದ ಹಣ್ಣನ್ನು ಪ್ರತಿದಿನ ಹೆಕ್ಕಿ. ಸಾಕುಪ್ರಾಣಿಗಳ ತಟ್ಟೆ ರಾತ್ರಿ ಹೊರಗೆ ಉಳಿಯದಿರಲಿ.

ಗೊಬ್ಬರದ ಗುಂಡಿಗೆ ಬೇಯಿಸಿದ ಅನ್ನ, ಮಾಂಸ, ಎಣ್ಣೆ ಪದಾರ್ಥ ಹಾಕಬೇಡಿ. ಹಸಿ ಸಿಪ್ಪೆ ಹಾಕಿದಾಗೆಲ್ಲ ಮೇಲೆ ಒಣ ಎಲೆ ಮುಚ್ಚಿ. ಗೊಬ್ಬರದ ಡ್ರಮ್ಮಿಗೆ ಅಡಿಯಲ್ಲಿ 6 ಮಿಲಿಮೀಟರ್ ಕಣ್ಣಿನ ಕಬ್ಬಿಣದ ಜಾಲರಿ ಹಾಸಿದರೆ ಎರೆಹುಳು ಒಳಗೆ ಬರುತ್ತದೆ, ಇಲಿ ಬರುವುದಿಲ್ಲ. ಸೌದೆ, ಹಳೆ ಹಂಚು, ಮುರಿದ ಕುಂಡಗಳ ರಾಶಿಯನ್ನು ಪಾತಿಯಿಂದ ದೂರ ಇಡಿ. ಬೇಲಿಯ ಪಕ್ಕದ ಪೊದೆ ಸವರಿ. ಇಲಿಗೂ ಮೊಲಕ್ಕೂ ಬಯಲು ದಾಟಲು ಭಯ, ಮರೆ ಇದ್ದರೆ ಮಾತ್ರ ಧೈರ್ಯ.

ಕೋತಿಗಳಿಗೆ ತಿಂಡಿ ಕೊಡುವುದಂತೂ ಬೇಡವೇ ಬೇಡ. ಪಕ್ಕದ ಮನೆಯವರು ಕೊಡುತ್ತಿದ್ದರೆ ಮಾತಾಡಿ. ಒಂದು ಮನೆಯಲ್ಲಿ ಸಿಕ್ಕ ಬಾಳೆಹಣ್ಣಿಗೆ ಇಡೀ ಬೀದಿಯ ತೋಟಗಳು ಬೆಲೆ ತೆರುತ್ತವೆ.

ಹಂತ 3: ಯಾವುದನ್ನು ಕಾಪಾಡಬೇಕು ಅಂತ ಆರಿಸಿ

ಇಡೀ ಜಾಗಕ್ಕೆ ಬೇಲಿ ಹಾಕಬೇಕು ಅಂತೇನಿಲ್ಲ. ನನ್ನ ಅಭಿಪ್ರಾಯದಲ್ಲಿ ಮನೆ ತೋಟಕ್ಕೆ ಅದು ಹೆಚ್ಚಿನ ಸಲ ದಂಡ. ಸೊಪ್ಪು, ಟೊಮೆಟೊ, ಬೀನ್ಸ್, ಸೌತೆ ಇಂಥವನ್ನು ಒಂದೆರಡು ಪಾತಿಗೆ ಒಟ್ಟು ಮಾಡಿ ಅದಕ್ಕೆ ಮಾತ್ರ ಗಟ್ಟಿ ಪಂಜರ ಕಟ್ಟಿ. ಹಾಗಲ, ಹಸಿಮೆಣಸು, ಅರಿಶಿನ, ಶುಂಠಿ, ಪುದೀನ, ಬೆಳ್ಳುಳ್ಳಿಯನ್ನು ಪ್ರಾಣಿಗಳು ಸಾಮಾನ್ಯವಾಗಿ ಕೊನೆಗೆ ಮುಟ್ಟುತ್ತವೆ. ಅವು ಹೊರಗಿರಲಿ. ಹಸಿದ ಪ್ರಾಣಿ ಯಾವುದನ್ನೂ ಬಿಡದು ಅನ್ನುವುದು ನೆನಪಿರಲಿ. ಆದರೂ ಈ ಒಂದು ವಿಂಗಡಣೆಯಿಂದ ಕಾಯಬೇಕಾದ ಜಾಗ ಎಷ್ಟೋ ಕಡಿಮೆಯಾಗುತ್ತದೆ.

ಬೇಲಿಯ ಸುತ್ತ ಬೆಳ್ಳುಳ್ಳಿ, ಚೆಂಡುಹೂ ನೆಟ್ಟರೆ ಪ್ರಾಣಿ ಬರುವುದಿಲ್ಲ ಅನ್ನುವವರಿದ್ದಾರೆ. ಅದನ್ನು ದಾಟಿ ಬರಲು ಮೊಲಕ್ಕೆ ಅರೆಗಳಿಗೆ ಸಾಕು. ಚೆಂದಕ್ಕೆ ನೆಡಿ, ಕಾವಲಿಗೆ ಅಂತ ಬೇಡ.

ಹಂತ 4: ಪಾತಿಗೊಂದು ಪಂಜರ

ಇದು ಇಡೀ ಕೆಲಸದ ಜೀವಾಳ. ಒಮ್ಮೆ ಸರಿಯಾಗಿ ಮಾಡಿದರೆ ಹಲವು ವರ್ಷ ತಲೆನೋವಿಲ್ಲ.

ಅಳತೆಯಿಂದ ಶುರು ಮಾಡೋಣ. ಪಾತಿಯ ಅಗಲ 1.2 ಮೀಟರ್ ಮೀರದಿರಲಿ. ಎರಡೂ ಬದಿಯಿಂದ ಕೈ ಚಾಚಿದರೆ ನಡುವಿನ ತನಕ 60 ಸೆಂಟಿಮೀಟರ್ ಮಾತ್ರ, ಸಲೀಸಾಗಿ ಕೈಗೆಟುಕುತ್ತದೆ. ಉದ್ದ 2.4 ಮೀಟರ್ ಇಟ್ಟರೆ ಜಾಲರಿ, ಪೈಪು ಹೆಚ್ಚು ವ್ಯರ್ಥವಾಗುವುದಿಲ್ಲ. ಎತ್ತರ ಬೆಳೆಗೆ ತಕ್ಕ ಹಾಗೆ. ಸೊಪ್ಪು, ಬದನೆ, ಮೆಣಸಿಗೆ 90 ಸೆಂಟಿಮೀಟರ್ ಸಾಕು. ಬಳ್ಳಿ ಹಬ್ಬಿಸುವುದಾದರೆ ನೀವೇ ಒಳಗೆ ನಡೆಯುವಷ್ಟು, ಅಂದರೆ ಸುಮಾರು 2 ಮೀಟರ್ ಇಡಿ.

ಜಾಲರಿ ಆರಿಸುವಾಗಲೇ ಹೆಚ್ಚಿನ ಬೇಲಿಗಳು ಸೋಲುವುದು. ಕೋಳಿಗೂಡಿಗೆ ಹಾಕುವ ಆರು ಮೂಲೆಯ ತೆಳು ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯಲು ಮಾಡಿದ್ದು. ಮೊಲಕ್ಕೆ ಅದು ಪರವಾಗಿಲ್ಲ. ಹಂದಿ ಅದನ್ನು ಹರಿಯುತ್ತದೆ, ಇಲಿ ಅದರೊಳಗೆ ನಡೆದೇ ಹೋಗುತ್ತದೆ. ಸಣ್ಣ ಇಲಿಮರಿಗೆ ನುಗ್ಗಲು ಪೆನ್ಸಿಲ್ ದಪ್ಪದ ಸಂದಿ ಸಾಕು. ಆದ್ದರಿಂದ ಸತು ಲೇಪಿಸಿದ ವೆಲ್ಡ್ ಮೆಶ್ ತೆಗೆದುಕೊಳ್ಳಿ. ಕೆಳಗಿನ 60 ಸೆಂಟಿಮೀಟರಿಗೆ 6 ಮಿಲಿಮೀಟರ್ ಕಣ್ಣಿನದು, ಅದರ ಮೇಲೆ 12 ಅಥವಾ 25 ಮಿಲಿಮೀಟರಿನದು. ಸಣ್ಣ ಕಣ್ಣಿನ ಜಾಲರಿ ದುಬಾರಿ, ಹಾಗಾಗಿ ಎಲ್ಲ ಕಡೆ ಅದನ್ನೇ ಹಾಕುವ ಅಗತ್ಯವಿಲ್ಲ. ಇಲಿ ಜಾಲರಿ ಹತ್ತಬಲ್ಲದು ನಿಜ. ಇಲಿಯದೇ ಮುಖ್ಯ ಕಾಟವಾದರೆ ಮಾತ್ರ ಮೇಲಿನ ತನಕ ಸಣ್ಣ ಕಣ್ಣಿನದೇ ಹಾಕಿ.

ಈಗ ಕಟ್ಟುವ ಕ್ರಮ:

1. ಪಾತಿಯ ಸುತ್ತ 30 ಸೆಂಟಿಮೀಟರ್ ಆಳದ ಸಣ್ಣ ಕಾಲುವೆ ತೋಡಿ. ಕಾಲುವೆಯ ಅಗಲ ಹೊರಬದಿಗೆ 30 ಸೆಂಟಿಮೀಟರ್ ಇರಲಿ.

2. ನಾಲ್ಕು ಮೂಲೆಗೆ ಮತ್ತು ಉದ್ದದ ನಡುವಿಗೆ ಕಂಬ ನೆಡಿ. ಜಿಐ ಪೈಪ್ ಒಳ್ಳೆಯದು. ಮರದ ಗೂಟವಾದರೆ ಮಣ್ಣಿನೊಳಗಿನ ಭಾಗಕ್ಕೆ ಗೆದ್ದಲು ಹಿಡಿಯದ ಜಾತಿ ನೋಡಿಕೊಳ್ಳಿ. ಕನಿಷ್ಠ 45 ಸೆಂಟಿಮೀಟರ್ ಒಳಗಿರಬೇಕು.

3. ಸಣ್ಣ ಕಣ್ಣಿನ ಜಾಲರಿಯನ್ನು ಕಂಬದ ಹೊರಬದಿಯಿಂದ ಕಟ್ಟುತ್ತ ಕಾಲುವೆಯ ತಳಕ್ಕೆ ಇಳಿಸಿ. ತಳದಲ್ಲಿ ಅದನ್ನು ಹೊರಗಡೆಗೆ ಮಡಚಿ 30 ಸೆಂಟಿಮೀಟರ್ ಹಾಸಿ. ಒಳಗಡೆಗೆ ಅಲ್ಲ, ಹೊರಗಡೆಗೆ. ಮಣ್ಣು ಮುಚ್ಚಿ ತುಳಿದು ಗಟ್ಟಿ ಮಾಡಿ.

4. ಮೇಲಿನ ಜಾಲರಿಯನ್ನು ಕೆಳಗಿನದರ ಮೇಲೆ ನಾಲ್ಕು ಬೆರಳು ಹೇರಿಕೆ ಬರುವಂತೆ ಜೋಡಿಸಿ. ಸೇರುವಲ್ಲಿ ತಂತಿಯಿಂದ ಗೇಣಿಗೊಂದು ಗಂಟು ಹಾಕಿ. ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಪುಡಿಯಾಗುತ್ತದೆ, ಇಲಿಗೆ ಅದು ಲೆಕ್ಕಕ್ಕೇ ಇಲ್ಲ.

5. ಚಾವಣಿಗೂ ಅದೇ ಜಾಲರಿ ಎಳೆದು ಕಟ್ಟಿ. ನಡುವೆ ಜೋತು ಬಿದ್ದರೆ ಒಂದು ಅಡ್ಡ ಪೈಪ್ ಕೊಡಿ.

6. ಬಾಗಿಲಿನ ಅಡಿಗೆ ಹಲಗೆ ಅಥವಾ ಕಲ್ಲಿನ ಹೊಸ್ತಿಲು ಹಾಕಿ. ಬಾಗಿಲಿಗೂ ಹೊಸ್ತಿಲಿಗೂ ನಡುವೆ ಕಿರುಬೆರಳು ತೂರಬಾರದು.

7. ಕೋತಿ ಇರುವಲ್ಲಿ ಸಾದಾ ಚಿಲಕ ಬೇಡ. ಅವು ನೋಡಿ ಕಲಿಯುತ್ತವೆ. ಒತ್ತಿ ತಿರುಗಿಸಬೇಕಾದ ಸ್ಪ್ರಿಂಗ್ ಕೊಕ್ಕೆ ಅಥವಾ ಬೀಗ ಹಾಕಿ.

ಮೂರನೇ ಹೆಜ್ಜೆಯ ಮಡಿಕೆ ಯಾಕೆ ಹೊರಗಡೆಗೆ? ಬಿಲ ತೋಡುವ ಪ್ರಾಣಿ ಬೇಲಿಯ ಬುಡಕ್ಕೇ ಬಂದು ಅಲ್ಲೇ ಅಗೆಯಲು ಶುರು ಮಾಡುತ್ತದೆ. ಸ್ವಲ್ಪ ಅಗೆದ ಕೂಡಲೇ ಕಾಲಿಗೆ ಜಾಲರಿ ಸಿಗುತ್ತದೆ. ಪಕ್ಕಕ್ಕೆ ಹೋಗಿ ನೋಡುತ್ತದೆ, ಅಲ್ಲೂ ಜಾಲರಿ. ಒಂದೂವರೆ ಅಡಿ ಹಿಂದಕ್ಕೆ ಸರಿದು ಅಲ್ಲಿಂದ ಅಗೆಯಬಹುದು ಅನ್ನುವುದು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಅಗೆಯಲಾಗದ ಕಲ್ಲು ನೆಲವಾದರೆ ಜಾಲರಿಯನ್ನು ನೆಲದ ಮೇಲೆಯೇ ಹೊರಗಡೆಗೆ ಹಾಸಿ ಕಲ್ಲು ಹೇರಿ. ಹುಲ್ಲು ಬೆಳೆದು ತಾನೇ ಕೂತುಕೊಳ್ಳುತ್ತದೆ.

ಪಂಜರ ಕಟ್ಟಿದ ಮೇಲೆ ಬರುವ ದೂರು ಒಂದೇ: ಹೂ ಬರುತ್ತದೆ, ಕಾಯಿ ಕಟ್ಟುವುದಿಲ್ಲ. ಟೊಮೆಟೊ, ಬದನೆ, ಮೆಣಸು, ಬೀನ್ಸಿಗೆ ಈ ತೊಂದರೆ ಇಲ್ಲ, ಒಂದೇ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಇವೆ. ಗಾಳಿ ಆಡದಿದ್ದರೆ ಬೆಳಿಗ್ಗೆ ಗಿಡವನ್ನು ಮೆಲ್ಲಗೆ ಅಲ್ಲಾಡಿಸಿ. ಸೌತೆ, ಕುಂಬಳ, ಹೀರೆ, ಸೋರೆ ಹಾಗಲ್ಲ. ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ, ನಡುವೆ ಜೇನು ಓಡಾಡಬೇಕು. 12 ಮಿಲಿಮೀಟರ್ ಕಣ್ಣಿನಲ್ಲಿ ಜೇನುನೊಣ ನುಸುಳುತ್ತದೆ, ದೊಡ್ಡ ದುಂಬಿಗೆ ಕಷ್ಟ. ಇನ್ನೂ ಸಣ್ಣ ಕಣ್ಣಿನ ಬಲೆಯಾದರೆ ಹೂವಿನ ಕಾಲದಲ್ಲಿ ಹಗಲು ಕೆಲವು ಗಂಟೆ ತೆರೆದಿಡಿ, ಇಲ್ಲವೇ ಕೈಯಲ್ಲೇ ಮಾಡಿ. ಕುಂಬಳದ ಹೂ ನಸುಕಿಗೆ ಅರಳಿ ಬಿಸಿಲೇರುವಾಗ ಮುದುಡುತ್ತದೆ. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ದಳ ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಸವರಿ. ಹೆಣ್ಣು ಹೂವಿನ ಕೆಳಗೆ ಪುಟ್ಟ ಕಾಯಿ ಇರುತ್ತದೆ, ಗುರುತಿಸಲು ಕಷ್ಟವಿಲ್ಲ. ಸೋರೆ, ಹೀರೆ ಸಂಜೆ ಅರಳುತ್ತವೆ, ಅವಕ್ಕೆ ಸಂಜೆಯೇ ಹೋಗಬೇಕು.

ಹಂತ 5: ಪ್ರಾಣಿಗೆ ತಕ್ಕ ತಡೆ

ಪಂಜರ ಕಟ್ಟಲಾಗದ ದೊಡ್ಡ ಜಾಗವಾದರೆ ಬೇಲಿಯೇ ಗತಿ. ಆಗ ಯಾರು ಬರುತ್ತಾರೆ ಅನ್ನುವುದು ಇನ್ನೂ ಮುಖ್ಯವಾಗುತ್ತದೆ.

ಮೊಲಕ್ಕೆ 90 ಸೆಂಟಿಮೀಟರ್ ಎತ್ತರ, 25 ಮಿಲಿಮೀಟರ್ ಕಣ್ಣು, ಬುಡದಲ್ಲಿ ಮೇಲೆ ಹೇಳಿದ ಮಡಿಕೆ. ಮುಗಿಯಿತು.

ಕಾಡುಹಂದಿಗೆ ಎತ್ತರ ಮುಖ್ಯವಲ್ಲ, ಬುಡದ ಬಲ ಮುಖ್ಯ. ಅದು ಹಾರುವುದಕ್ಕಿಂತ ಮೂತಿ ತೂರಿಸಿ ಎತ್ತುವುದೇ ಹೆಚ್ಚು. ಒಂದು ಮೀಟರಿಗಿಂತ ಸ್ವಲ್ಪ ಎತ್ತರದ ದಪ್ಪ ತಂತಿಯ ಜಾಲರಿ ಸಾಕು. ಆದರೆ ಕಂಬಗಳು ಹತ್ತಿರ ಹತ್ತಿರ ಇರಬೇಕು, ಎರಡು ಮೀಟರಿಗೊಂದಾದರೂ ಬೇಕು. ಕೆಳಗಿನ ಅಂಚನ್ನು ನೆಲದೊಳಗೆ ಇಳಿಸಿ, ನೆಲಮಟ್ಟಕ್ಕೆ ಒಂದು ಬಿಗಿ ತಂತಿ ಎಳೆದು, ಕಂಬಗಳ ನಡುವೆ ಗೂಟ ಹೊಡೆದು ಕಚ್ಚಿಸಿ. ಹಂದಿ ಒಳಬರುವ ಜಾಗ ಸಾಮಾನ್ಯವಾಗಿ ಒಂದೇ ಇರುತ್ತದೆ. ಬೇಲಿಯ ಬುಡದಲ್ಲಿ ಸವೆದ ಜಾಡು, ತಂತಿಗೆ ಸಿಕ್ಕಿದ ಒರಟು ಕೂದಲು, ಕಂಬಕ್ಕೆ ಮೈ ಉಜ್ಜಿದ ಕೆಸರು ಹುಡುಕಿ. ಅಲ್ಲಿ ಎರಡು ಪಟ್ಟು ಗಟ್ಟಿ ಮಾಡಿ.

ಮುಳ್ಳುಹಂದಿ ಅಗೆಯುತ್ತದೆ, ಕಡಿಯುತ್ತದೆ. ಏಷ್ಯಾ, ಆಫ್ರಿಕಾದ ಮುಳ್ಳುಹಂದಿಗಳು ನೆಲದ ಮೇಲೆಯೇ ಓಡಾಡುವಂಥವು. ಮರ ಹತ್ತುವುದರಲ್ಲಿ ನಿಸ್ಸೀಮರೆಂದರೆ ಅಮೆರಿಕ ಖಂಡದ ಜಾತಿಗಳು. ನೆಲದ ಜಾತಿಗೆ ಬೇಲಿಯ ಕೆಳಭಾಗದಲ್ಲಿ 60 ಸೆಂಟಿಮೀಟರ್ ತಗಡು, ಮಣ್ಣಿನೊಳಗೆ ಜಾಲರಿ ಹಾಕಿದರೆ ಸಾಕು. ಪ್ಲಾಸ್ಟಿಕ್ ಬಲೆ, ಮರದ ಹಲಗೆ ಅದರ ಹಲ್ಲಿಗೆ ನಿಲ್ಲವು. ಅಂದ ಹಾಗೆ, ಅದು ಮುಳ್ಳು ಬಾಣದಂತೆ ಎಸೆಯುತ್ತದೆ ಅನ್ನುವುದು ಸುಳ್ಳು. ಹಿಮ್ಮುಖವಾಗಿ ನುಗ್ಗಿ ಚುಚ್ಚುತ್ತದೆ, ಆಗ ಸಡಿಲ ಮುಳ್ಳು ಕಳಚಿಕೊಳ್ಳುತ್ತದೆ. ನಾಯಿಯನ್ನು ಛೂ ಬಿಟ್ಟರೆ ಗಾಯವಾಗುವುದು ನಾಯಿಗೇ.

ಜಿಂಕೆಗೆ ಪೂರ್ತಿ ಬೇಲಿಯಾದರೆ 2.4 ಮೀಟರ್ ಎತ್ತರ ಬೇಕು. ಅಷ್ಟು ಆಗದಿದ್ದರೆ ಇನ್ನೊಂದು ಉಪಾಯ ಇದೆ. ಸುಮಾರು 1.2 ಮೀಟರ್ ಎತ್ತರದ ಎರಡು ಬೇಲಿಗಳನ್ನು ಅಷ್ಟೇ ಅಂತರದಲ್ಲಿ ಒಂದರ ಹಿಂದೊಂದು ಹಾಕಿ. ಜಿಂಕೆ ಎತ್ತರ ಹಾರಬಲ್ಲದು, ದೂರವೂ ಹಾರಬಲ್ಲದು, ಆದರೆ ಎರಡನ್ನೂ ಒಟ್ಟಿಗೆ ಮಾಡಲು ಹಿಂಜರಿಯುತ್ತದೆ. ಇಕ್ಕಟ್ಟಾದ ಸಣ್ಣ ಜಾಗಕ್ಕೆ ಹಾರಲೂ ಅದಕ್ಕೆ ಮನಸ್ಸಾಗದು.

ಕೋತಿಯ ವಿಷಯ ಬೇರೆ. ಬುದ್ಧಿ ಇದೆ, ಕೈ ಇದೆ, ಗುಂಪು ಇದೆ. ಬರೀ ಬೇಲಿ ಅದಕ್ಕೆ ಏಣಿ ಇದ್ದ ಹಾಗೆಯೇ. ಚಾವಣಿ ಸಮೇತ ಪಂಜರವೇ ಖಾತ್ರಿ ದಾರಿ. ಜಾಲರಿಯ ಕಣ್ಣು 25 ಮಿಲಿಮೀಟರಿಗಿಂತ ದೊಡ್ಡದಾದರೆ ಕೈ ತೂರಿಸಿ ಎಟುಕಿದ್ದನ್ನೆಲ್ಲ ಕಿತ್ತುಕೊಳ್ಳುತ್ತದೆ. ದೊಡ್ಡ ಕಣ್ಣಿನದು ಈಗಾಗಲೇ ಇದ್ದರೆ ಗಿಡಗಳನ್ನು ಜಾಲರಿಯಿಂದ ಕೈಯುದ್ದ ಒಳಗೆ ನೆಡಿ. ಪಂಜರದ ಮೇಲೆ ಚಾಚಿದ ಕೊಂಬೆಗಳನ್ನು ಸವರಿ, ಮೇಲಿಂದ ಗುಂಪಾಗಿ ಧುಮುಕಿದರೆ ಚಾವಣಿ ಬಗ್ಗುತ್ತದೆ.

ಜಪಾನಿನಲ್ಲಿ ಕೋತಿ ಕಾಟಕ್ಕೆ ಬಾಗುವ ಕಂಬಗಳ ಬೇಲಿ ಬಳಸುತ್ತಾರೆ. ಸಪೂರ, ಬಳುಕುವ ಕಂಬಗಳಿಗೆ ಸಡಿಲವಾಗಿ ಬಲೆ ಕಟ್ಟುತ್ತಾರೆ. ಕೋತಿ ಹತ್ತಿದಂತೆ ಕಂಬ ಹೊರಗಡೆಗೆ ಬಾಗುತ್ತದೆ, ಬಲೆ ಓಲಾಡುತ್ತದೆ. ಹಿಡಿತ ಸಿಗದ ಜಾಗ ಕೋತಿಗೆ ಇಷ್ಟವಿಲ್ಲ, ಇಳಿದು ಹೋಗುತ್ತದೆ. ಬಿಗಿಯಾಗಿ ಕಟ್ಟಿದ ಬೇಲಿಗಿಂತ ಸಡಿಲ ಬೇಲಿ ಮೇಲು ಅನ್ನುವ ಅಪರೂಪದ ಸಂದರ್ಭ ಇದು.

ಕೋತಿ ಎದುರಾದರೆ ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಹಲ್ಲು ಕಾಣುವಂತೆ ನಗಬೇಡಿ. ಅವುಗಳ ಲೆಕ್ಕದಲ್ಲಿ ಅದು ಜಗಳಕ್ಕೆ ಕರೆದ ಹಾಗೆ. ಮರಿ ಇರುವ ಗುಂಪನ್ನು ಮೂಲೆಗೆ ಅಟ್ಟಬೇಡಿ. ಓಡಲು ದಾರಿ ಬಿಟ್ಟು, ನೀವು ಎತ್ತರವಾಗಿ ಕಾಣುವಂತೆ ನಿಂತು ಕೋಲು ನೆಲಕ್ಕೆ ಬಡಿಯಿರಿ.

ಅಳಿಲಿಗೆ ಬಿತ್ತನೆಯ ಹೊತ್ತಿನಲ್ಲೇ ತಡೆ ಬೇಕು. ಬಿತ್ತಿದ ಪಾತಿಯ ಮೇಲೆ 12 ಮಿಲಿಮೀಟರ್ ಜಾಲರಿಯನ್ನು ಚಪ್ಪಟೆಯಾಗಿ ಹಾಸಿ ಅಂಚಿಗೆ ಕಲ್ಲಿಡಿ. ಮೊಳಕೆ ಜಾಲರಿ ಮುಟ್ಟುವಾಗ ತೆಗೆಯಿರಿ. ಕಾಯಿಗೆ ಒಂದೊಂದಾಗಿ ತಂತಿ ಬಲೆಯ ಚೀಲ ಕಟ್ಟಬಹುದು. ಬಟ್ಟೆ ಚೀಲವನ್ನು ಅಳಿಲು ಕತ್ತರಿಸಿಬಿಡುತ್ತದೆ.

ಇಲಿ, ಹೆಗ್ಗಣ ಒಳಗೇ ಬಿಲ ಮಾಡಿದ್ದರೆ ಪಂಜರಕ್ಕೂ ಮುಂಚೆ ಅವನ್ನು ಖಾಲಿ ಮಾಡಿಸಬೇಕು. ಸ್ಪ್ರಿಂಗ್ ಇಲಿಬೋನನ್ನು ಗೋಡೆಗೆ ಅಡ್ಡವಾಗಿ, ಬಾಯಿ ಗೋಡೆಯ ಕಡೆ ಬರುವಂತೆ ಇಡಿ. ಇಲಿ ಬಯಲಲ್ಲಿ ಓಡುವುದಿಲ್ಲ, ಗೋಡೆಗೆ ಮೈ ಸವರಿಕೊಂಡೇ ಹೋಗುತ್ತದೆ. ಮೊದಲ ಕೆಲವು ದಿನ ಬೋನು ಹೂಡದೆ ಬರೀ ತಿಂಡಿ ಇಡಿ. ಹೊಸ ವಸ್ತು ಕಂಡರೆ ಅದಕ್ಕೆ ಅನುಮಾನ, ಅಭ್ಯಾಸವಾದ ಮೇಲೆ ಹೂಡಿ. ಹಕ್ಕಿ, ಓತಿಕ್ಯಾತ ಸಿಕ್ಕಿಬೀಳದಂತೆ ಮೇಲೊಂದು ಡಬ್ಬ ಅಥವಾ ಹಂಚು ಮುಚ್ಚಿ.

ಬಲೆ ಹಾಕುವವರಿಗೆ ಒಂದು ಮಾತು

ಹಕ್ಕಿ, ಬಾವಲಿಗೆ ಬಲೆ ಒಳ್ಳೆಯ ಉಪಾಯವೇ. ಆದರೆ ದೊಡ್ಡ ಕಣ್ಣಿನ, ಕೂದಲೆಳೆ ನೈಲಾನ್ ಬಲೆ ಪ್ರಾಣ ತೆಗೆಯುತ್ತದೆ. ಹಕ್ಕಿಯ ಕಾಲು, ಬಾವಲಿಯ ರೆಕ್ಕೆ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಜೋತು ಬಿದ್ದ ಅಂಚಿನಲ್ಲಿ ಹಾವು ಸಿಕ್ಕುತ್ತದೆ. ಹಾವಿನ ಹುರುಪೆಗಳು ಹಿಂದಕ್ಕೆ ವಾಲಿರುವುದರಿಂದ ತಲೆ ತೂರಿಸಿದ ಮೇಲೆ ಹಿಂದೆ ಬರಲಾಗದು. ಮುಂದೆ ಹೋದಷ್ಟೂ ದಾರ ಬಿಗಿಯುತ್ತದೆ. ಕೇರೆಹಾವು ನಿಮ್ಮ ಇಲಿಗಳನ್ನು ತಿನ್ನಲು ಬಂದದ್ದು, ಅದನ್ನೇ ಕೊಂದರೆ ಲಾಭ ಯಾರಿಗೆ?

ಪರೀಕ್ಷೆ ಸುಲಭ. ಬಲೆಯ ಕಣ್ಣಿನಲ್ಲಿ ನಿಮ್ಮ ಬೆರಳು ತೂರಿದರೆ ಆ ಬಲೆ ಬೇಡ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರ ಸೆಪ್ಟೆಂಬರ್ 1ರಿಂದ ಮನೆ ತೋಟದ ಹಣ್ಣಿನ ಗಿಡಗಳ ಬಲೆಗೆ ಇದು ಕಾನೂನೇ ಆಗಿದೆ. ಪೂರ್ತಿ ಎಳೆದಾಗಲೂ ಕಣ್ಣು 5 ಮಿಲಿಮೀಟರ್ ಮೀರಬಾರದು. ಬಿಳಿ ಬಣ್ಣದ್ದು ತೆಗೆದುಕೊಂಡರೆ ರಾತ್ರಿ ಪ್ರಾಣಿಗಳಿಗೂ ಕಾಣುತ್ತದೆ. ಬಲೆಯನ್ನು ಗಿಡದ ಮೇಲೆ ಸುಮ್ನೆ ಹೊದಿಸದೆ ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟಿ. ಕೆಳ ಅಂಚನ್ನು ಮಣ್ಣಿಗೆ ಗೂಟ ಹಾಕಿ ಕಚ್ಚಿಸಿ. ದಿನಕ್ಕೊಮ್ಮೆ ನೋಡಿ. ಹಾವು ಸಿಕ್ಕಿದ್ದರೆ ನೀವೇ ಬಿಡಿಸಲು ಹೋಗದೆ ಉರಗ ರಕ್ಷಕರನ್ನು ಕರೆಯಿರಿ.

ಹಂತ 6: ಹೆದರಿಸುವ ಉಪಾಯಗಳಿಗೆ ಎಷ್ಟು ಬೆಲೆ?

ಬೇಲಿ ಆಗುವ ತನಕ ಅಥವಾ ಕೊಯ್ಲಿನ ಕೊನೆಯ ವಾರಕ್ಕೆ ಇವು ಉಪಯೋಗಕ್ಕೆ ಬರುತ್ತವೆ. ಎಲ್ಲದರ ಗುಟ್ಟೂ ಒಂದೇ, ಪ್ರಾಣಿಗೆ ಅಭ್ಯಾಸ ಆಗಬಾರದು. ಬೆದರುಗೊಂಬೆಯನ್ನು ಎರಡು ದಿನಕ್ಕೊಮ್ಮೆ ಜಾಗ ಬದಲಿಸಿ, ಅಂಗಿ ಬದಲಿಸಿ. ಹೊಳೆಯುವ ಪಟ್ಟಿ ಹಗಲು ಹಕ್ಕಿಗೆ ಸ್ವಲ್ಪ ದಿನ ನಡೆಯುತ್ತದೆ. ರಾತ್ರಿ ಮೂಸಿಕೊಂಡು ಬರುವ ಹಂದಿಗೆ ಅದರಿಂದ ಏನೂ ಇಲ್ಲ.

ಇವುಗಳಲ್ಲಿ ನಾನು ಒಪ್ಪುವುದು ಚಲನೆ ಕಂಡಾಗ ತಾನೇ ನೀರು ಚಿಮ್ಮುವ ಯಂತ್ರವನ್ನು. ತಟ್ಟನೆ ಸದ್ದು, ತಟ್ಟನೆ ನೀರು. ಯಾರಿಗೂ ಗಾಯವಿಲ್ಲ.

ಮೆಣಸಿನ ಪುಡಿ ಅಥವಾ ಮೆಣಸಿನ ನೀರು ಸಸ್ತನಿಗಳಿಗೆ ಮಾತ್ರ. ಮೆಣಸಿನ ಖಾರ ಹಕ್ಕಿಗಳಿಗೆ ನಾಟುವುದೇ ಇಲ್ಲ, ಗಿಳಿ ಮೆಣಸಿನಕಾಯಿಯನ್ನು ಚಪ್ಪರಿಸಿ ತಿನ್ನುವುದು ಅದಕ್ಕೇ. ಮಳೆ ಬಂದರೆ, ನೀರು ಹಾಕಿದರೆ ಮತ್ತೆ ಹಚ್ಚಬೇಕು. ಗಾಳಿಗೆ ಎದುರಾಗಿ ಎರಚಬೇಡಿ.

ಕಿವಿಗೆ ಕೇಳದ ಸದ್ದು ಮಾಡಿ ಇಲಿ ಓಡಿಸುತ್ತದೆ ಅನ್ನುವ ಯಂತ್ರಗಳಿಗೆ ದುಡ್ಡು ಹಾಕಬೇಡಿ. ಇಂಥ ಸಾಧನಗಳ ತಯಾರಕರು, ಮಾರಾಟಗಾರರಲ್ಲಿ 60ಕ್ಕೂ ಹೆಚ್ಚು ಮಂದಿಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಎಚ್ಚರಿಕೆ ಪತ್ರ ಬರೆದಿತ್ತು. ಹೇಳಿಕೊಳ್ಳುವ ಗುಣಕ್ಕೆ ವೈಜ್ಞಾನಿಕ ಆಧಾರ ಇರಬೇಕು ಅನ್ನುವುದು ಅದರ ಸಾರ. ನುಸಿಗುಳಿಗೆಯನ್ನೂ ತೋಟಕ್ಕೆ ತರಬೇಡಿ. ಅದು ವಿಷ, ನೀವು ತಿನ್ನುವ ಸೊಪ್ಪಿನ ಮಣ್ಣಿಗೆ ಅದು ಯಾಕೆ?

ಇವು ಬೇಡ

ಬೇಲಿಗೆ ಮನೆಯ ಕರೆಂಟ್ ನೇರವಾಗಿ ಹರಿಸುವುದು ಕೊಲೆಗೆ ಸಮ. ಪ್ರಾಣಿ ಸಾಯುತ್ತದೆ, ಮನೆಯ ಮಗುವೂ ಸಾಯಬಹುದು. ವಿದ್ಯುತ್ ಬೇಲಿ ಬೇಕೇ ಬೇಕಾದರೆ ಅದಕ್ಕೆಂದೇ ಮಾಡಿದ, ಪ್ರಮಾಣೀಕರಿಸಿದ ಎನರ್ಜೈಸರ್ ಬಳಸಿ. ಅದು ಸುಮಾರು ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಸಣ್ಣ ಹೊಡೆತ ಕೊಡುತ್ತದೆ, ಕೈ ಬಿಡಿಸಿಕೊಳ್ಳಲು ನಡುವೆ ಸಮಯ ಇರುತ್ತದೆ. ನೇರ ಕರೆಂಟ್ ಹಾಗಲ್ಲ, ಹಿಡಿದರೆ ಬಿಡದು. ನಿಮ್ಮಲ್ಲಿ ಅನುಮತಿ ಬೇಕೇ ಅಂತ ಮೊದಲೇ ವಿಚಾರಿಸಿ, ಎಚ್ಚರಿಕೆ ಫಲಕ ಹಾಕಿ.

ಇಲಿ ಪಾಷಾಣವನ್ನು ತರಕಾರಿಯ ನಡುವೆ ಇಡಬೇಡಿ. ಸತುವಿನ ಫಾಸ್ಫೈಡ್ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲವಾಗುತ್ತದೆ, ಅದಕ್ಕೆ ಮದ್ದಿಲ್ಲ. ಬ್ರೋಮಾಡಿಯೋಲೋನ್ ತರಹದ ವಿಷ ತಿಂದ ಇಲಿ ತಕ್ಷಣ ಸಾಯದೆ ಕೆಲವು ದಿನ ತೂರಾಡುತ್ತದೆ. ಅದನ್ನು ಹಿಡಿದು ತಿಂದ ಗೂಬೆ, ಬೆಕ್ಕಿಗೂ ವಿಷ ಏರುತ್ತದೆ. ಉಚಿತವಾಗಿ ಇಲಿ ಹಿಡಿಯುವವರನ್ನೇ ಕಳೆದುಕೊಳ್ಳುತ್ತೀರಿ.

ಉರುಳು, ಸಿಡಿಮದ್ದು ಬೇಡ. ಹಿಡಿದು ದೂರ ಬಿಟ್ಟು ಬರುವುದೂ ಪರಿಹಾರವಲ್ಲ. ಗೊತ್ತಿಲ್ಲದ ಜಾಗದಲ್ಲಿ ಆ ಪ್ರಾಣಿ ಬದುಕುವುದು ಕಷ್ಟ, ಖಾಲಿಯಾದ ಜಾಗಕ್ಕೆ ಇನ್ನೊಂದು ಬರುತ್ತದೆ. ಜೊತೆಗೆ ಕಾಡುಪ್ರಾಣಿಯನ್ನು ಅನುಮತಿ ಇಲ್ಲದೆ ಹಿಡಿಯುವುದು, ಸಾಗಿಸುವುದು, ಕೊಲ್ಲುವುದು ಹಲವು ದೇಶಗಳಲ್ಲಿ ಅಪರಾಧ. ಆನೆ, ಕರಡಿ ಬರುವ ಜಾಗವಾದರೆ ಈ ಬರಹದ ಉಪಾಯ ಯಾವುದೂ ಸಾಲದು. ಒಳಗಿದ್ದು ಅರಣ್ಯ ಸಿಬ್ಬಂದಿಗೆ ತಿಳಿಸಿ.

ಪ್ರಾಣಿ ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಕೂಡಲೇ ಸೋಪು, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ವಿಶ್ವ ಆರೋಗ್ಯ ಸಂಸ್ಥೆ ರೇಬೀಸ್ ತಡೆಗೆ ಹೇಳುವ ಮೊದಲ ಹೆಜ್ಜೆ ಇದೇ. ತೊಳೆದ ಮೇಲೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ನಾಳೆ ನೋಡೋಣ ಅನ್ನಬೇಡಿ.

ಹಂತ 7: ಬೇಲಿ ಆದ ಮೇಲೆ

ವಾರಕ್ಕೊಮ್ಮೆ ಬೇಲಿಯ ಬುಡ ನೋಡಿಕೊಂಡು ನಡೆಯಿರಿ. ಮಳೆಗೆ ಮಣ್ಣು ಕೊಚ್ಚಿ ಹೋದಲ್ಲಿ ಸಂದಿ ಬಿಡುತ್ತದೆ. ಬೇಲಿಗೆ ಹಬ್ಬಿದ ಬಳ್ಳಿ ಇಲಿಗೆ ಮರೆಯಾಗುತ್ತದೆ, ಕಿತ್ತು ಹಾಕಿ. ಹೊಸ ತೂತು ಕಂಡರೆ ಆ ದಿನವೇ ಮುಚ್ಚಿ. ಒಮ್ಮೆ ಊಟ ಸಿಕ್ಕ ದಾರಿಯನ್ನು ಪ್ರಾಣಿ ಮರೆಯುವುದಿಲ್ಲ.

ಹಲ್ಲಿನ ಗುರುತಿರುವ ಕಾಯಿಯನ್ನು ಕತ್ತರಿಸಿ ಉಳಿದ ಭಾಗ ಬಳಸುವ ಆಸೆ ಬೇಡ. ಇಲಿಯ ಮೂತ್ರದಿಂದ ಇಲಿಜ್ವರ, ಬಾವಲಿ ಕಚ್ಚಿದ ಹಣ್ಣಿನಿಂದ ನಿಪಾ ಬರುವ ಅಪಾಯ ಇದೆ. ಅಂಥದ್ದನ್ನು ಕೈಗವಸು ಹಾಕಿ ತೆಗೆದು ಆಳದಲ್ಲಿ ಹೂಳಿ. ಉಳಿದ ತರಕಾರಿಯನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ.

ಕೊನೆಯದಾಗಿ ಖರ್ಚೇ ಇಲ್ಲದ ಒಂದು ಉಪಾಯ, ಬೇಗ ಕೊಯ್ಯುವುದು. ಟೊಮೆಟೊ ಗಿಡದಲ್ಲೇ ಕೆಂಪಾಗಲಿ ಅಂತ ಕಾಯುವುದರಲ್ಲೇ ಅರ್ಧ ನಷ್ಟ. ಹಸಿರು ಹೋಗಿ ಕಾಯಿಯ ತಳದಲ್ಲಿ ಗುಲಾಬಿ ಬಣ್ಣ ಇಣುಕಿದ ಕೂಡಲೇ ಕಿತ್ತು ಒಳಗಿಡಿ. ಆ ಹಂತ ದಾಟಿದ ಕಾಯಿ ಮನೆಯೊಳಗೇ ಹಣ್ಣಾಗುತ್ತದೆ, ರುಚಿಯಲ್ಲಿ ಹೆಚ್ಚು ವ್ಯತ್ಯಾಸ ಗೊತ್ತಾಗದು. ಫ್ರಿಜ್ಜಿನಲ್ಲಿ ಇಡಬೇಡಿ, ಬಿಸಿಲಿಗೂ ಬೇಡ. ತೊಟ್ಟು ಕೆಳಗೆ ಮಾಡಿ, ಒಂದಕ್ಕೊಂದು ತಾಗದಂತೆ ತಟ್ಟೆಯಲ್ಲಿ ಹರಡಿದರೆ ಕೆಲವೇ ದಿನಗಳಲ್ಲಿ ಅಡುಗೆಗೆ ಸಿದ್ಧ. ಸೌತೆ, ಬೆಂಡೆ, ಹೀರೆಯನ್ನಂತೂ ಎಳೆಯದಾಗಿ ಕೊಯ್ದಷ್ಟೂ ರುಚಿ, ಗಿಡವೂ ಹೊಸ ಕಾಯಿ ಬಿಡುತ್ತಲೇ ಇರುತ್ತದೆ. ಕೊಯ್ಯುವ ಕೆಲಸ ಸಂಜೆಗೇ ಮುಗಿಸಿ, ರಾತ್ರಿ ಬರುವವರಿಗೆ ಗಿಡದಲ್ಲಿ ಏನೂ ಉಳಿದಿರಬಾರದು.